ಬರ್ಕ್, ವಿದ್ಯುತ್, ಎಲೆಕ್ಟ್ರಿಸಿಟಿ: ನಮ್ಮ ಸೀಮೆಯ ವಿಜ್ಞಾನ ಪಾಠದ ಕಥೆ



ಹತ್ತನೇ ತರಗತಿಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ ನಿಮ್ಮಲ್ಲಿ ಹಲವರು ಮೊದಲ ತಿಂಗಳಲ್ಲೇ ಎದೆಗುಂದುವುದನ್ನು ನೋಡಿದ್ದೇನೆ. "ಸರ್, ಲೆಕ್ಕ ಬರ್ತದ, ಆದ್ರ ಪ್ರಶ್ನಿನೇ ತಿಳಿಯೂದಿಲ್ಲ" ಎನ್ನುತ್ತೀರಿ. ಕೆಲವರು ಸದ್ದಿಲ್ಲದೆ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುತ್ತೀರಿ. ಈ ತೊಡಕು ಇಂದು ನಿನ್ನೆಯದಲ್ಲ. ಇದಕ್ಕೊಂದು ಇತಿಹಾಸವಿದೆ, ಅದು ನಮ್ಮ ನೆಲದ್ದೇ ಇತಿಹಾಸ.

1956ರ ನವೆಂಬರ್ 1ರವರೆಗೆ ನಮ್ಮ ಕುಷ್ಟಗಿ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಪಕ್ಕದ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರುಗಳಾಗಿದ್ದವು. ಆ ಹೈದರಾಬಾದಿನಲ್ಲಿ 19ನೇ ಶತಮಾನದ ಮೊದಲರ್ಧದಲ್ಲೇ ಪಾಯಿಗಾ ಮನೆತನದ ನವಾಬ್ ಫಖ್ರುದ್ದೀನ್ ಖಾನ್ ಶಮ್ಸುಲ್ ಉಮರಾ ಅವರು ಇಂಗ್ಲಿಷ್ ವಿಜ್ಞಾನ ಪುಸ್ತಕಗಳನ್ನು ಉರ್ದುವಿಗೆ ತರಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆರು ಪುಸ್ತಕಗಳ ಆ ಮಾಲೆಯ ಹೆಸರು 'ಸಿತ್ತಾ-ಎ-ಶಮ್ಸಿಯಾ'. ಅದರಲ್ಲಿ ಯಂತ್ರಶಾಸ್ತ್ರವೂ ಇತ್ತು, ವಿದ್ಯುತ್ತೂ ಇತ್ತು. ಯಂತ್ರಶಾಸ್ತ್ರಕ್ಕೆ ಅವರು ಬಳಸಿದ ಹೆಸರು 'ಜರ್-ಎ-ಸಖೀಲ್', ಅಂದರೆ ಭಾರ ಎಳೆಯುವ ವಿದ್ಯೆ. ಚಲಿಸುವ ಅಯಸ್ಕಾಂತದಿಂದ ತಂತಿಯಲ್ಲಿ ವಿದ್ಯುತ್ ಹರಿಸಬಹುದೆಂದು ಲಂಡನ್ನಿನಲ್ಲಿ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಅವರ ಕಾಲದಲ್ಲೇ ಇಲ್ಲಿ ಈ ಕೆಲಸ ನಡೆದಿತ್ತು ಎಂಬುದನ್ನು ಗಮನಿಸಿ.

ಮುಂದೆ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1919ರಲ್ಲಿ ತರಗತಿಗಳು ಆರಂಭವಾದವು. ಬೋಧನಾ ಮಾಧ್ಯಮ ಉರ್ದು. ಇಂಗ್ಲಿಷ್ ಕಡ್ಡಾಯ ವಿಷಯ. ಪಠ್ಯಪುಸ್ತಕ ಸಿದ್ಧಪಡಿಸಲು ಅದಕ್ಕೂ ಮುಂಚೆ, 1917ರಲ್ಲೇ, ಮೌಲ್ವಿ ಅಬ್ದುಲ್ ಹಖ್ ಅವರ ನೇತೃತ್ವದಲ್ಲಿ ಭಾಷಾಂತರ ಇಲಾಖೆ ತೆರೆಯಲಾಗಿತ್ತು. ಹೊಸ ಪಾರಿಭಾಷಿಕ ಪದಗಳನ್ನು ಕಟ್ಟುವುದು ಹೇಗೆಂಬ ಬಗ್ಗೆ ವಹೀದುದ್ದೀನ್ ಸಲೀಂ 1921ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅಲ್ಲಿ ಓದಿದ ರಜಿಯುದ್ದೀನ್ ಸಿದ್ದೀಖಿ ಕೇಂಬ್ರಿಜ್‌ಗೆ ಹೋದರು. ನಂತರ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಅವರ ಬಳಿ ಸಂಶೋಧನೆ ಮಾಡಿದರು. ಮರಳಿ ಬಂದು ಉಸ್ಮಾನಿಯಾದಲ್ಲೇ ಪಾಠ ಹೇಳಿದರು. ತಾಯ್ನುಡಿಯಲ್ಲಿ ಕಲಿತವರು ಹಿಂದೆ ಬೀಳುತ್ತಾರೆ ಎನ್ನುವವರಿಗೆ ಇದೊಂದೇ ಉತ್ತರ ಸಾಕು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕುಷ್ಟಗಿ ಸೀಮೆಯ ಬಹುಪಾಲು ಮನೆಗಳ ಮಾತು ಕನ್ನಡ. ಆ ಮಕ್ಕಳಿಗೆ ಉರ್ದು ಕೂಡ ಕಲಿತು ದಾಟಬೇಕಾದ ಹೊಳೆಯೇ ಆಗಿತ್ತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆ ಆರಂಭಿಸಿದರು. ಅದು ಬಹುಕಾಲ ನಡೆಯಲಿಲ್ಲ. ಇತ್ತ 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. ಹೀಗೆ ಉರ್ದು ಓದಿದವನೂ ಕನ್ನಡ ಓದಿದವನೂ ಕೊನೆಗೆ ಒಂದೇ ಬಾಗಿಲ ಮುಂದೆ ಬಂದು ನಿಂತರು.

ಆ ಬಾಗಿಲು ದಾಟುವುದು ಹೇಗೆ? ಪ್ರಶ್ನೆಯಲ್ಲಿ 'ರೆಸ್ಟ್' ಎಂದಿದ್ದರೆ ನೀವು ವಿಶ್ರಾಂತಿ ಎಂದುಕೊಳ್ಳುತ್ತೀರಿ. ಅಲ್ಲಿ ಅದು 'ನಿಶ್ಚಲ ಸ್ಥಿತಿ', ಉರ್ದುವಿನ 'ಸುಕೂನ್'; ಆರಂಭದ ವೇಗ ಸೊನ್ನೆ ಎಂದರ್ಥ. 'ಯೂನಿಫಾರ್ಮ್' ಎಂದರೆ ಶಾಲೆಯ ಸಮವಸ್ತ್ರವಲ್ಲ, ಏಕರೂಪ. 'ಫೀಲ್ಡ್' ಎಂದರೆ ಹೊಲವಲ್ಲ, ಅಯಸ್ಕಾಂತದ ಪ್ರಭಾವವಿರುವ ಕ್ಷೇತ್ರ. ಈಗ ಲೆಕ್ಕ ನೋಡಿ. ಬಾವಿಗೆ ಕೈಬಿಟ್ಟ ಕಲ್ಲು 2 ಸೆಕೆಂಡಿಗೆ ನೀರು ಮುಟ್ಟಿತು. ನೀರು ಎಷ್ಟು ಆಳದಲ್ಲಿದೆ? ಬೀಳುವ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರ್ ಹೆಚ್ಚುತ್ತದೆ. ಆರಂಭದಲ್ಲಿ ಸೊನ್ನೆ, ಕೊನೆಯಲ್ಲಿ 20, ಸರಾಸರಿ 10. ಎರಡು ಸೆಕೆಂಡಿಗೆ 20 ಮೀಟರ್. ಹಾಗೆಯೇ ಸೈಕಲ್ ಡೈನಮೊ ನೆನೆಯಿರಿ: ಗಾಲಿ ನಿಂತರೆ ದೀಪ ಆರುತ್ತದೆ. ಅಯಸ್ಕಾಂತ ಇದ್ದರಷ್ಟೇ ಸಾಲದು, ಅದು ತಿರುಗಬೇಕು. ಫ್ಯಾರಡೆ ಕಂಡದ್ದು ಅದನ್ನೇ.

ಪದಗಳಿಗೆ ಹೆದರಬೇಡಿ, ಅವೂ ನಿಮ್ಮಂತೆ ಊರಿಂದೂರಿಗೆ ಬಂದವು. ಗ್ರೀಕರ ಅಯಸ್ಕಾಂತದ ಹೆಸರೇ ಅರಬ್ಬಿಯಲ್ಲಿ 'ಮಿಖ್ನಾತೀಸ್' ಆಗಿ ಉರ್ದುವಿಗೆ ಬಂತು, ಅದೇ ಇಂಗ್ಲಿಷಿನ 'ಮ್ಯಾಗ್ನೆಟ್'. ಉಜ್ಜಿದ ಅಂಬರ್ ಹುಲ್ಲುಕಡ್ಡಿಯನ್ನು ಸೆಳೆಯುವುದನ್ನು ಕಂಡ ಪಾರಸಿಗರು ಅದಕ್ಕೆ 'ಕಾಹ್‌ರುಬಾ', ಅಂದರೆ ಹುಲ್ಲುಗಳ್ಳ, ಎಂದರು. ಅದರಿಂದಲೇ ಅರಬ್ಬಿಯಲ್ಲಿ ವಿದ್ಯುತ್ತಿಗೆ ಹೆಸರು ಬಂತು. ಅದೇ ಅಂಬರಿನ ಗ್ರೀಕ್ ಹೆಸರು 'ಎಲೆಕ್ಟ್ರಾನ್'ನಿಂದ 'ಎಲೆಕ್ಟ್ರಿಸಿಟಿ' ಹುಟ್ಟಿತು.

ಸಂಸ್ಥೆಯ ಸದಸ್ಯರಲ್ಲಿ ನನ್ನದೊಂದು ವಿನಂತಿ. ಹಿಂದಿನವರು ಒಂದು ವಿಶ್ವವಿದ್ಯಾಲಯಕ್ಕಾಗಿ ಭಾಷಾಂತರ ಇಲಾಖೆಯನ್ನೇ ಕಟ್ಟಿದರು. ನಮಗೆ ಬೇಕಾದದ್ದು ನೂರು ಪುಟದ ಒಂದು ನೋಟ್‌ಬುಕ್ಕು: ಇಂಗ್ಲಿಷ್, ಕನ್ನಡ, ಉರ್ದು ಎಂಬ ಮೂರು ಸಾಲು. ಪಿಯುಸಿ ಮುಗಿಸಿದ ಅಣ್ಣ-ಅಕ್ಕಂದಿರು ಪ್ರವೇಶದ ಮೊದಲ ತಿಂಗಳು ದಿನಕ್ಕೊಂದು ತಾಸು ಕೂತು ಅದನ್ನು ತುಂಬಿಸಿ ಕೊಡಲಿ. ವಿದ್ಯಾರ್ಥಿಗಳೇ, ನೀವೂ ಪ್ರಶ್ನೆ ಅರ್ಥವಾಗದಿದ್ದರೆ ವಿಷಯ ಬಿಡಬೇಡಿ. ಆ ಒಂದು ಪದ ಯಾವುದೆಂದು ಹುಡುಕಿ, ಕೇಳಿ. ಬುದ್ಧಿ ನಿಮ್ಮಲ್ಲಿದೆ, ತಡೆದು ನಿಲ್ಲಿಸಿರುವುದು ಪದ ಮಾತ್ರ.