ಉಗ್ಗಿನೊಡನೆ ಜಗಳ ಬಿಟ್ಟವರು

ಮಗು ತಡವರಿಸಿ ಮಾತಾಡಿದರೆ ಅದನ್ನು ತೊದಲು ಎಂದು ಮುದ್ದು ಮಾಡುತ್ತೇವೆ. ದೊಡ್ಡವರ ಬಾಯಲ್ಲಿ ಮಾತು ಸಿಕ್ಕಿಕೊಂಡರೆ ಅದು ಉಗ್ಗು, ನಮ್ಮ ಸಿನಿಮಾಗಳಲ್ಲಿ ಹಾಸ್ಯದ ಸರಕು. ನಾನು ಉಗ್ಗುವವನು. 'ಕ' ನನ್ನ ವೈರಿ. ಕಾಫಿ ಎನ್ನಲಾಗದೆ, ಇಷ್ಟವಿಲ್ಲದ ಟೀ ಕುಡಿದೇ ಎಂ.ಎ. ಮುಗಿಸಿದೆ. ಪಿಎಚ್.ಡಿ.ಗೆ ಮನೋವಿಜ್ಞಾನದ ಇತಿಹಾಸ ಆರಿಸಿಕೊಂಡಾಗ ಚಾರ್ಲ್ಸ್ ವ್ಯಾನ್ ರೈಪರ್ ಎದುರಾಗುವುದು ತಪ್ಪುವಂತಿರಲಿಲ್ಲ.

ಅವರು ಹುಟ್ಟಿದ್ದು 1905ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯ ಚಾಂಪಿಯನ್ ಎಂಬ ಪುಟ್ಟ ಊರಿನಲ್ಲಿ. ತಂದೆ ಅಲ್ಲಿನ ಡಾಕ್ಟರು. ಮಗನ ಉಗ್ಗು ಎಷ್ಟು ತೀವ್ರವಾಗಿತ್ತೆಂದರೆ, ಒಮ್ಮೆ ಹೊಲದ ಕೆಲಸಕ್ಕೆ ಸೇರಿಕೊಂಡಾಗ ಕಿವಿ ಕೇಳದ, ಮಾತು ಬಾರದ ಆಳಿನಂತೆ ನಟಿಸಿದರಂತೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದೆ.

ಆ ಕಾಲಕ್ಕೆ ಉಗ್ಗಿನ ಸಂಶೋಧನೆಯ ದೊಡ್ಡ ಕೇಂದ್ರ ಅಯೋವಾ ವಿಶ್ವವಿದ್ಯಾಲಯ. ಅಲ್ಲಿ ಲೀ ಎಡ್ವರ್ಡ್ ಟ್ರಾವಿಸ್ ಅವರ ವಾದ ಹೀಗಿತ್ತು: ಮಿದುಳಿನ ಎರಡು ಅರ್ಧಗಳಲ್ಲಿ ಯಾವುದೂ ಯಜಮಾನಿಕೆ ವಹಿಸದಿದ್ದಾಗ ಮಾತಿನ ಸ್ನಾಯುಗಳಿಗೆ ಹೊಂದಿಕೆ ತಪ್ಪುತ್ತದೆ, ಎಡಗೈಯವರನ್ನು ಬಲವಂತದಿಂದ ಬಲಗೈಯವರನ್ನಾಗಿ ಮಾಡಿದ್ದೂ ಇದಕ್ಕೊಂದು ಕಾರಣ. ಚಿಕಿತ್ಸೆ ಎಂದರೆ ಬಲಗೈ ಕಟ್ಟಿಹಾಕಿ ಎಡಗೈ ಬಳಸುವುದು. ಉಗ್ಗುತ್ತಿದ್ದ ವೆಂಡೆಲ್ ಜಾನ್ಸನ್ ಇದಕ್ಕೆ ಒಡ್ಡಿಕೊಂಡರು, ವ್ಯಾನ್ ರೈಪರ್ ಕೂಡ. ಕೈ ಬದಲಾಯಿತು, ನಾಲಿಗೆ ಬದಲಾಗಲಿಲ್ಲ. (1939ರಲ್ಲಿ ಇದೇ ಜಾನ್ಸನ್ ಮಾರ್ಗದರ್ಶನದಲ್ಲಿ ಅನಾಥಾಲಯದ ಮಕ್ಕಳ ಮೇಲೆ ನಡೆದ ಪ್ರಯೋಗದ ಕಥೆ ಬೇರೆಯೇ ಲೇಖನ ಬೇಡುತ್ತದೆ.) ವ್ಯಾನ್ ರೈಪರ್ 1934ರಲ್ಲಿ ಅಲ್ಲಿಂದಲೇ ಡಾಕ್ಟರೇಟ್ ಪಡೆದರು.

ಅವರ ವಿಚಾರದ ಬೀಜ ಮಾತ್ರ ಪ್ರಯೋಗಾಲಯದ್ದಲ್ಲ. ಯೌವನದಲ್ಲಿ ದಾರಿಯಲ್ಲಿ ಕೈ ತೋರಿಸಿ ಒಬ್ಬ ಮುದುಕನ ಗಾಡಿ ಹತ್ತಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಮಾತಾಡಲು ಹೋಗಿ ಇವರ ಮುಖ ಸೊಟ್ಟಗಾಯಿತು, ಮೈಯೆಲ್ಲ ಸೆಟೆದುಕೊಂಡಿತು. ಮುದುಕ ನಕ್ಕ. ಇವರಿಗೆ ಸಿಟ್ಟು. ಆಗ ಮುದುಕ ತಾನೂ ಉಗ್ಗುವವನೇ ಎಂದ. ಈಗ ವಯಸ್ಸಾಗಿದೆ, ಸೆಣಸಾಡುವ ಶಕ್ತಿಯಿಲ್ಲ, ಮಾತು ಬಂದ ಹಾಗೆ ಬರಲಿ ಅಂತ ಬಿಟ್ಟುಬಿಟ್ಟಿದ್ದೇನೆ ಎಂದ. ಇಷ್ಟು ಚಿಕ್ಕ ಘಟನೆಯಿಂದ ಪ್ರಶ್ನೆಯೇ ತಿರುಗಿತು: ಉಗ್ಗದಿರುವುದು ಹೇಗೆ ಎಂಬುದರ ಬದಲು, ಕಡಿಮೆ ಕಷ್ಟಪಟ್ಟು ಉಗ್ಗುವುದು ಹೇಗೆ?

1936ರಲ್ಲಿ ಅವರು ಮಿಶಿಗನ್ನಿನ ಕಲಮಜೂ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಚಿಕಿತ್ಸಾಲಯ ತೆರೆದರು. ವಯಸ್ಕರ ಉಗ್ಗಿನಲ್ಲಿ ಮಾತು ತಡೆಯುವುದು ಒಂದು ಪಾಲು; ಅದರ ಮೇಲೆ ಕಟ್ಟಿಕೊಂಡ ಹೆದರಿಕೆ, ಕಣ್ಣು ಮುಚ್ಚುವುದು, ಪದ ಬದಲಿಸುವುದು ಇನ್ನೊಂದು ಪಾಲು. ನನ್ನ ಟೀ ಈ ಎರಡನೆಯದಕ್ಕೆ ಸೇರಿದ್ದು. ಆದ್ದರಿಂದ ಮೊದಲು ತನ್ನ ಉಗ್ಗನ್ನು ತಾನೇ ಕಣ್ತೆರೆದು ಗಮನಿಸಬೇಕು. ಆಮೇಲೆ ಅಪರಿಚಿತರ ಮುಂದೆ ಬೇಕೆಂದೇ ಉಗ್ಗಿ ಅಂಜಿಕೆ ಸವೆಸಬೇಕು. ಆನಂತರವೇ ನಾಲಿಗೆಯ ಕೆಲಸ: ಸಿಕ್ಕಿಬಿದ್ದ ಪದವನ್ನು ಮುಗಿಸಿ, ತುಸು ನಿಂತು, ಅದನ್ನೇ ಸಡಿಲವಾಗಿ ಮತ್ತೆ ಹೇಳುವುದು, ಪಳಗಿದ ಮೇಲೆ ಸಿಕ್ಕಿನ ನಡುವೆಯೇ ಬಿಗಿ ಬಿಡಿಸಿಕೊಳ್ಳುವುದು. ಇದು ಎಲ್ಲರಿಗೂ ಒಗ್ಗುವ ದಾರಿ ಎಂದು ನನಗನ್ನಿಸುವುದಿಲ್ಲ. ಅಂಗಡಿಯಲ್ಲಿ ಬೇಕೆಂದೇ ಉಗ್ಗಲು ನಾನು ಮೂರು ಸಲ ಹೋಗಿ, ಮೂರು ಸಲವೂ ಬೆರಳಲ್ಲಿ ಬಿಸ್ಕತ್ತು ತೋರಿಸಿ ಬಂದವನು.

ನನ್ನನ್ನು ನಿಜಕ್ಕೂ ಹಿಡಿದದ್ದು 1958ರಲ್ಲಿ ಪ್ರಕಟವಾದ ಅವರ ದೀರ್ಘ ಬರಹ. ಸುಮಾರು ಇಪ್ಪತ್ತು ವರ್ಷಗಳ ಚಿಕಿತ್ಸೆಯನ್ನು ವರ್ಷ ವರ್ಷವಾಗಿ ಅಲ್ಲಿ ಬಿಚ್ಚಿಟ್ಟಿದ್ದಾರೆ: ಏನು ಮಾಡಿದೆವು, ಯಾವುದು ಕೈಕೊಟ್ಟಿತು, ಮರುವರ್ಷ ಏನು ಬದಲಿಸಿದೆವು. ಕಾಲ ಕಳೆದ ಮೇಲೆ ಹಳಬರನ್ನು ಮತ್ತೆ ವಿಚಾರಿಸಿದ್ದಾರೆ. ಉಗ್ಗು ಮರಳಿದವರನ್ನು ಲೆಕ್ಕದಿಂದ ಬಿಟ್ಟಿಲ್ಲ. ನಮ್ಮ ಪ್ರಬಂಧಗಳಲ್ಲಿ ಸೋತ ಪ್ರಯೋಗಗಳಿಗೆ ಅಡಿಟಿಪ್ಪಣಿಯ ಜಾಗವೂ ಸಿಗುವುದಿಲ್ಲ. ಅವರು ಮಾತ್ರ ಸೋಲನ್ನೇ ಅಧ್ಯಾಯ ಮಾಡಿದರು. ಬಹುಶಃ ರೋಗಿಯೂ ತಾನೇ ಆಗಿದ್ದಕ್ಕೆ ಗೆದ್ದೆನೆಂದು ಸುಳ್ಳು ಹೇಳುವ ಅನುಕೂಲ ಅವರಿಗಿರಲಿಲ್ಲ.

ಇಂದು ಉಗ್ಗಿನ ಮೂಲವನ್ನು ಮಿದುಳಿನ ರಚನೆಯಲ್ಲಿ, ವಂಶವಾಹಿಗಳಲ್ಲಿ ಹುಡುಕುತ್ತಾರೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರು ಉಗ್ಗುತ್ತಾರೆ. ವ್ಯಾನ್ ರೈಪರ್ ಕೂಡ ಪೂರ್ತಿ ಬಿಡುಗಡೆ ಪಡೆಯಲಿಲ್ಲ. ಸರಾಗವಾಗಿ ಉಗ್ಗುತ್ತ, ಕಲ್ಲಿ ಗೇಜ್ ಎಂಬ ಕಾವ್ಯನಾಮದಲ್ಲಿ ತಮ್ಮ ಸೀಮೆಯ ಕಥೆಗಳನ್ನು ಬರೆಯುತ್ತ ಬದುಕಿ, 1994ರಲ್ಲಿ ತೀರಿಕೊಂಡರು.

ಮುಂದಿನ ತಿಂಗಳು ವಿಭಾಗದಲ್ಲಿ ಅವರ ಬಗ್ಗೆ ನಾನು ಪ್ರಬಂಧ ಮಂಡಿಸಬೇಕು. ಎಣಿಸಿ ನೋಡಿದೆ, ಕಲಮಜೂ ಎಂಬ ಹೆಸರು ಹನ್ನೊಂದು ಸಲ ಬರುತ್ತದೆ. ಊರಿನ ಹೆಸರಿಗೆ ಟೀ ಇಲ್ಲ.