ಮುಖಪುಟದ ಚುಕ್ಕಿಗಳು, ಮೂಲೆಯ ಸಹಿ

ಹಂಪಸಾಗರದ ನಮ್ಮ ಮನೇಲಿ ಹಳೇ ಕಾದಂಬರಿಗಳದ್ದೇ ಒಂದು ಟ್ರಂಕಿದೆ. ಅವುಗಳ ಮುಖಪುಟ ಸ್ಕ್ಯಾನ್ ಮಾಡಿ ಗಿಂಪ್‌ನಲ್ಲಿ ತಿದ್ದೋದು ಈಗ ನನ್ನ ಭಾನುವಾರದ ಕೆಲಸ. ದೊಡ್ಡದು ಮಾಡಿ ನೋಡಿದ್ರೆ ಕೆಲವುದರಲ್ಲಿ ಬರೀ ಚುಕ್ಕಿ! ಅದು ಕೊಳೆ ಅಲ್ಲ ಕಣ್ರೀ, ಚರಿತ್ರೆ.

ಕಪ್ಪು ಮಸಿಯಿಂದ ನೇರವಾಗಿ ಬೂದು ಬಣ್ಣ ಅಚ್ಚಾಗಲ್ಲ. 1880ರ ದಶಕದಲ್ಲಿ ಬಳಕೆಗೆ ಬಂದ ಹಾಫ್‌ಟೋನ್, ಸಣ್ಣ-ದೊಡ್ಡ ಚುಕ್ಕಿಗಳಿಂದ ಕಣ್ಣಿಗೆ ಬೂದಿನ ಭ್ರಮೆ ಹುಟ್ಟಿಸಿತು. ಗೆರೆಚಿತ್ರಕ್ಕೆ ಬೇರೆ ದಾರಿ: ಸತುವಿನ ತಗಡನ್ನು ಆಸಿಡ್‌ನಲ್ಲಿ ಕೊರೆದ ಲೈನ್ ಬ್ಲಾಕ್. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾದ 1933ರ ಹೊತ್ತಿಗೆ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಬಣ್ಣಕ್ಕೊಂದು ಬ್ಲಾಕ್, ಬ್ಲಾಕಿಗೊಂದು ಖರ್ಚು. ಎರಡೇ ಬಣ್ಣದಲ್ಲಿ ಮುಖಪುಟ ಮುಗಿಸೋ ಜಾಣತನ ಕಲಾವಿದನದ್ದು. ಅಚ್ಚು ಒತ್ತಿದಾಗ ಮಸಿ ಅಂಚಿಗೆ ಸರಿದು ಗೆರೆಯ ಸುತ್ತ ತೆಳ್ಳನೆ ಕಪ್ಪು ಕಟ್ಟುತ್ತಿತ್ತು. ಬ್ಲಾಕ್ ಅಚ್ಚಿನ ಗುರುತೇ ಅದು.

ಈಗ ಗಾಸಿಯನ್ ಬ್ಲರ್ ಒತ್ತಿ. ಪ್ರತಿ ಪಿಕ್ಸೆಲ್‌ಗೂ ಅಕ್ಕಪಕ್ಕದವುಗಳ ಸರಾಸರಿ ಬಂದು ಚುಕ್ಕಿ ಮಾಯ, ಮುಖಪುಟ ಬೆಣ್ಣೆ! ಜೊತೆಗೆ ಆ ಅಂಚೂ ಹೋಯ್ತು, ಮೂಲೆಯಲ್ಲಿದ್ದ ಪುಟಾಣಿ ಸಹಿಯೂ ಹೋಯ್ತು. ಒಳಪುಟದಲ್ಲಿ ಲೇಖಕ, ಪ್ರಕಾಶಕ, ಬೆಲೆ ಎಲ್ಲ ಇದ್ದು, ಚಿತ್ರ ಬರೆದವರ ಹೆಸರೇ ಇಲ್ಲದ ಪುಸ್ತಕಗಳು ಟ್ರಂಕಿನಲ್ಲಿ ಎಷ್ಟೋ ಇವೆ. ಅವಕ್ಕೆ ಆ ಸಹಿಯೊಂದೇ ಸಾಕ್ಷಿ. ಚೆಂದ ಮಾಡಲು ಹೋಗಿ ಅದನ್ನೇ ಒರೆಸೋದು ನನಗಂತೂ ಅನ್ಯಾಯ ಅನ್ಸುತ್ತೆ.

ಹಾಗಾಗಿ 600 ಡಿಪಿಐ ಮೂಲ ಸ್ಕ್ಯಾನನ್ನು ಮುಟ್ಟಲ್ಲ, ತಿದ್ದೋದೆಲ್ಲ ಪ್ರತಿಯಲ್ಲಿ. ಸಹಿ, ಗೆರೆಗಳನ್ನು ಲ್ಯಾಸೋದಿಂದ ಸುತ್ತುವರಿದು, ಆಯ್ಕೆ ತಿರುಗಿಸಿ, ಉಳಿದ ಜಾಗಕ್ಕಷ್ಟೇ ಬ್ಲರ್. ನಿಮ್ಮಲ್ಲೂ ಹಳೇ ಮುಖಪುಟಗಳಿದ್ರೆ ಮೊದಲು ಮೂಲೆ ನೋಡಿ, ಸಹಿ ಸಿಕ್ಕರೆ ಕಾಮೆಂಟಲ್ಲಿ ಹೇಳಿ...