ಚದರದ ಲೆಕ್ಕ: ಕಟ್ಟಡ ವೆಚ್ಚದ ಅಂದಾಜು ನಡೆದುಬಂದ ದಾರಿ

ಕೊಳ್ಳೇಗಾಲ ಸೀಮೆಯ ನಮ್ಮ ಮಧುವನಹಳ್ಳಿಯಲ್ಲಿ ಮನೆ ಕಟ್ಟಲು ಹೊರಟವರ ಮೊದಲ ಪ್ರಶ್ನೆ ಇಂದಿಗೂ ಅದೇ: "ಚದ್ರಕ್ಕೆ ಎಷ್ಟಾಯ್ತದೆ ಮೇಸ್ತ್ರಿ?" ಚದರವೆಂದರೆ ನೂರು ಚದರಡಿ. ಮೇಸ್ತ್ರಿ ಹೇಳುವ ಆ ಒಂದು ಅಂಕಿಯೊಳಗೆ ಪಾಯ, ಗೋಡೆ, ಮೋಲ್ಡು, ಗಾರೆ, ಕೂಲಿ ಎಲ್ಲವೂ ಸೇರಿಕೊಂಡಿರುತ್ತವೆ. ಅದನ್ನು ಬಿಡಿಸಿ ನೋಡುವ ವಿದ್ಯೆಯೇ ಅಂದಾಜು. ಅದು ಬೆಳೆದ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟ: ಕಟ್ಟುವುದಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕುವುದನ್ನು ನಾವು ಕಲಿತೆವು, ಇರುವ ಹಣಕ್ಕೆ ತಕ್ಕಂತೆ ಕಟ್ಟುವುದನ್ನು ಶಾಸ್ತ್ರವಾಗಿ ಕಲಿಯುವುದು ಬಾಕಿ ಇದೆ.

ಇಲಾಖೆಯ ಪುಸ್ತಕಗಳು

ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು ಕಮಿಷನರ್ ಕಬ್ಬನ್ ಆಡಳಿತದಲ್ಲಿ, 1856ರಲ್ಲಿ. ನಮ್ಮ ಕೊಳ್ಳೇಗಾಲ ಸೀಮೆ ಮಾತ್ರ 1956ರ ನವೆಂಬರ್ 1ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಡಳಿತ ಬೇರೆಯಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ನಕ್ಷೆ, ಅಂದಾಜುಪಟ್ಟಿ, ಮಂಜೂರಾತಿ, ಆಮೇಲೆ ಅಳತೆ ಪುಸ್ತಕ. ಪ್ರತಿ ಕೆಲಸಕ್ಕೂ ದರಪಟ್ಟಿಯಲ್ಲಿ ದರ. ಕಲ್ಲು, ಮರಳು ಎಷ್ಟು ದೂರದಿಂದ ಬರಬೇಕೆಂಬ 'ಲೀಡ್' ಮೇಲೆ ಸಾಗಣೆ ಖರ್ಚು. ಬಯಲಿನ ಕೊಳ್ಳೇಗಾಲದಲ್ಲಿ ಕಟ್ಟುವ ಗೋಡೆಯೂ ಮಹದೇಶ್ವರ ಬೆಟ್ಟದ ಮೇಲೆ ಕಟ್ಟುವ ಅದೇ ಗೋಡೆಯೂ ಒಂದೇ ಬೆಲೆಗೆ ಏಳುವುದಿಲ್ಲ.

ನಾಲ್ಕು ಮೂಲೆಯ ಪಾಠ

ಈ ವಿದ್ಯೆಯ ಮೊದಲ ಪಾಠ ಒಂದು ಕೋಣೆಯಲ್ಲೇ ಸಿಗುತ್ತದೆ. ಒಳಗೆ 10 ಅಡಿಗೆ 12 ಅಡಿ, ಗೋಡೆ 9 ಇಂಚು ದಪ್ಪ, 10 ಅಡಿ ಎತ್ತರ. ಹೊರಗಿನಿಂದ ಟೇಪು ಹಿಡಿದು ಸುತ್ತ ಅಳೆದರೆ 50 ಅಡಿ. ಗೋಡೆಯ ನಡುಗೆರೆ ಹಿಡಿದರೆ 47 ಅಡಿಯೇ. ಮೊದಲ ಅಳತೆಯಲ್ಲಿ ನಾಲ್ಕು ಮೂಲೆಗಳೂ ಎರಡೆರಡು ಸಲ ಲೆಕ್ಕಕ್ಕೆ ಬಂದವು. ಮೂರಡಿಯ ಈ ವ್ಯತ್ಯಾಸ 22.5 ಘನ ಅಡಿ ಗೋಡೆಯಾಗುತ್ತದೆ. ಘನಮೀಟರಿಗೆ 500 ಇಟ್ಟಿಗೆಯಂತೆ ಹಿಡಿದರೆ ಸುಮಾರು 320 ಇಟ್ಟಿಗೆ! ಒಂದು ಕೋಣೆಯಲ್ಲೇ ಇಷ್ಟಾದರೆ ಶಾಲೆ, ಆಸ್ಪತ್ರೆಗಳ ಮಾತೇನು?

ಹೀಗೆ ಒಬ್ಬೊಬ್ಬರು ಒಂದೊಂದು ರೀತಿ ಅಳೆಯಬಾರದೆಂದೇ 1958ರಲ್ಲಿ ಐ.ಎಸ್. 1200 ಎಂಬ ಅಳತೆಯ ಮಾನಕ ಬಂತು. ಅದೇ ಹೊತ್ತಿಗೆ ದೇಶ ಮೆಟ್ರಿಕ್ ಪದ್ಧತಿಗೂ ಹೊರಳಿತು. ಇಲಾಖೆ ಘನಮೀಟರಿಗೆ ಬದಲಾಯಿತು. ನಮ್ಮೂರ ಮೇಸ್ತ್ರಿ ಚದರದಲ್ಲೇ ಉಳಿದರು.

1951: ಎರಡು ದಾರಿ

1951ರ ಜುಲೈನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲು ಬಿತ್ತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಮೇಲೆ ನಕ್ಷೆ ಬದಲಾಗಿ ಕಟ್ಟಡ ಹಿಗ್ಗಿತು. 1956ರಲ್ಲಿ ಮುಗಿಯುವ ಹೊತ್ತಿಗೆ ಖರ್ಚು ಒಂದೂ ಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸಿಗೆ ಏರಿತ್ತು. ಕಟ್ಟಡ ನಾಡಿನ ಹೆಮ್ಮೆಯಾಯಿತು, ಖರ್ಚು ವಿಚಾರಣೆಗೆ ಒಳಗಾಯಿತು.

ಅದೇ 1951ರಲ್ಲಿ ಬ್ರಿಟನ್ನಿನಲ್ಲಿ ಬೇರೊಂದು ಯೋಚನೆ ನಡೆದಿತ್ತು. ಯುದ್ಧ ಮುಗಿದ ಮೇಲೆ ಸಾಲುಸಾಲಾಗಿ ಶಾಲೆ ಕಟ್ಟಬೇಕಿದ್ದ ಅಲ್ಲಿನ ಶಿಕ್ಷಣ ಸಚಿವಾಲಯ ವೆಚ್ಚ ಅಧ್ಯಯನದ ಕೈಪಿಡಿ ಹೊರತಂದಿತು. ಇಡೀ ಕಟ್ಟಡಕ್ಕೆ ಮೊದಲೇ ಒಂದು ಮಿತಿ; ಪಾಯ, ಗೋಡೆ, ಚಾವಣಿ, ಬಾಗಿಲು ಹೀಗೆ ಅಂಗಾಂಗಕ್ಕೂ ಅದರಲ್ಲಿ ಇಷ್ಟಿಷ್ಟು ಪಾಲು. ಚಾವಣಿ ತನ್ನ ಪಾಲು ಮೀರಿದರೆ ಗುದ್ದಲಿ ಬೀಳುವ ಮುಂಚೆಯೇ ನಕ್ಷೆ ತಿದ್ದಬೇಕು. ಅಂದಾಜು ಮುಗಿದ ನಕ್ಷೆಯ ಹಿಂದೆ ಹೋಗುತ್ತದೆ. ವೆಚ್ಚ ಯೋಜನೆ ಎಂಬ ಈ ಕ್ರಮ ನಕ್ಷೆಯ ಜೊತೆಗೇ ನಡೆಯುತ್ತದೆ.

ಹಳ್ಳಿಯ ಮನೆಯ ಕಡೆಗೆ

ನಮ್ಮಲ್ಲಿ ಖರ್ಚನ್ನು ಮಿತಿಯಲ್ಲಿಡುವ ದಿಕ್ಕಿನ ದೊಡ್ಡ ಹೆಜ್ಜೆ ಮನೆಯ ಸಾಮಗ್ರಿಯ ಕಡೆಯಿಂದ ಬಂತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳನ್ನು ರೂಪಿಸಿತು. ಈ ಕೆಲಸದಲ್ಲಿ ಕೆ.ಎಸ್. ಜಗದೀಶ್ ಅವರ ದುಡಿಮೆ ದೊಡ್ಡದು. ಸುಡದ ಇಟ್ಟಿಗೆಗೆ ಸೌದೆ ಬೇಡ, ಮಣ್ಣು ಸ್ಥಳದಲ್ಲೇ ಸಿಕ್ಕರೆ ಸಾಗಣೆಯೂ ಕಡಿಮೆ. ಮುಂದೆ ನಿರ್ಮಿತಿ ಕೇಂದ್ರಗಳು ಇಂಥ ವಿಧಾನಗಳನ್ನು ಜಿಲ್ಲೆಗಳಿಗೆ ಒಯ್ದವು.

ಹಣದ ಮಿತಿ ಮೊದಲೇ ಗೊತ್ತಿರುವ ಮನೆಗಳು ಈಗ ಊರೂರಲ್ಲಿವೆ. 2016ರಲ್ಲಿ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಬಯಲು ಪ್ರದೇಶದ ಮನೆಗೆ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಅದು ಸುಮಾರು 2.69 ಚದರ, ಚದರಕ್ಕೆ ಹತ್ತಿರಹತ್ತಿರ 44,600 ರೂಪಾಯಿ. ಇಂಥ ಮನೆಗೆ ವೆಚ್ಚ ಯೋಜನೆ ಇಲ್ಲದಿದ್ದರೆ ಪಾಯ ಗಟ್ಟಿಯಾಗಿ ಎದ್ದು, ಗೋಡೆ ಲಿಂಟಲ್ ಮಟ್ಟಕ್ಕೆ ನಿಂತು, ಮೋಲ್ಡು ಹಾಕುವ ಹೊತ್ತಿಗೆ ಸಾಲ ಹುಡುಕಬೇಕಾಗುತ್ತದೆ.

ಉಳಿದ ಕೆಲಸ

ಕರ್ನಾಟಕದ 1999ರ ಪಾರದರ್ಶಕತೆ ಅಧಿನಿಯಮದಿಂದ ಸರ್ಕಾರಿ ಟೆಂಡರಿಗೆ ಶಿಸ್ತು ಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕ್ವಾಂಟಿಟಿ ಸರ್ವೇಯಿಂಗ್ ಪಾಠವಾಗಿದೆ. ತಂತ್ರಾಂಶಗಳು ನಕ್ಷೆಯಿಂದಲೇ ಪರಿಮಾಣ ತೆಗೆಯುತ್ತವೆ. ಇವೆಲ್ಲ ಬೇಕು. ಆದರೆ ಇವುಗಳ ಪ್ರಯೋಜನ ಹೆಚ್ಚಾಗಿ ದಕ್ಕುವುದು ದೊಡ್ಡ ಕಟ್ಟಡಗಳಿಗೆ. ಜೀವಮಾನದಲ್ಲಿ ಒಂದೇ ಮನೆ ಕಟ್ಟುವವರಿಗೆ ಬೇಕಾದ್ದು ಕನ್ನಡದಲ್ಲಿ ಒಂದು ಹಾಳೆ: ಪಾಯಕ್ಕೆ ಇಷ್ಟು, ಗೋಡೆಗೆ ಇಷ್ಟು, ಮೋಲ್ಡಿಗೆ ಇಷ್ಟು, ಕೈತಪ್ಪಿ ಹೋಗುವುದಕ್ಕೆ ನೂರಕ್ಕೆ ಐದು. ಕಿರಿಯ ಎಂಜಿನಿಯರ್ ಅದನ್ನು ಬರೆದು, ಮೇಸ್ತ್ರಿ ಒಪ್ಪಿ, ಮನೆಯವರು ಓದಿಕೊಂಡ ಮೇಲೆ ಗುದ್ದಲಿ ಪೂಜೆಯಾಗಲಿ. ಆಗ ಮೊದಲ ಪ್ರಶ್ನೆಯೂ ಬದಲಾದೀತು: "ನಮ್ಮ ತಾವು ಇಷ್ಟದೆ ಮೇಸ್ತ್ರಿ, ಇದ್ರಲ್ಲಿ ಎಷ್ಟು ಚದ್ರ ಮುಗಿಸಬೋದು?"